ಮಣ್ಣೇ ಕಣಜವಾದಾಗ

ಭತ್ತ ಬೆಳೆದವನಿಗೆ ಕಣಜವಿದೆ. ಚೆನ್ನಾಗಿ ಒಣಗಿಸಿ ತುಂಬಿಟ್ಟರೆ ವರ್ಷ ಕಳೆದರೂ ಅದು ಅನ್ನವಾಗುತ್ತದೆ. ಬರಗಾಲಕ್ಕೆ ಮುನ್ನ ಧಾನ್ಯವನ್ನು ತೆನೆಯಲ್ಲೇ ಉಳಿಸಿಡಿ ಎಂದು ಪ್ರವಾದಿ ಯೂಸುಫ್(ಅ) ಈಜಿಪ್ಟಿನವರಿಗೆ ಸೂಚಿಸಿದ ಪ್ರಸಂಗ ಕುರ್‌ಆನ್‌ನಲ್ಲಿದೆ. ಆದರೆ ತೆನೆಯೂ ಇಲ್ಲದ, ಮೈತುಂಬ ನೀರೇ ಇರುವ ಬೆಳೆಯನ್ನು ಕೂಡಿಡುವುದು ಹೇಗೆ? ಹೊಸಬಾಳೆಯ ಸುತ್ತಿನ ಸೊರಬ, ಶಿಕಾರಿಪುರ ಸೀಮೆಯ ಶುಂಠಿ ಹೊಲಗಳನ್ನು ನೋಡುತ್ತಾ ಬಂದಿರುವ ನಮಗೆ ಈ ಪ್ರಶ್ನೆ ಹೊಸದಲ್ಲ.

ಶುಂಠಿಗೆ ಮಣ್ಣೇ ಕಣಜ. ಏಪ್ರಿಲ್, ಮೇ ತಿಂಗಳಲ್ಲಿ ನೆಟ್ಟದ್ದು ಸುಮಾರು ಎಂಟು ತಿಂಗಳಿಗೆ ಬಲಿಯುತ್ತದೆ. ದರವಿಲ್ಲದಿದ್ದರೆ ಕೀಳದೆ ಬಿಡಬಹುದು. ಹಾಗೆ ಕಾದು ಕಿತ್ತದ್ದೇ ಮಾರುಕಟ್ಟೆಯ 'ಹಳೆ ಶುಂಠಿ'. ಆದರೆ ಈ ಕಣಜಕ್ಕೆ ಬಾಗಿಲಿಲ್ಲ. ಮಳೆನೀರು ನಿಂತರೆ ಕೊಳೆರೋಗ ಬರುತ್ತದೆ. ಹರಿಯುವ ನೀರಿನೊಂದಿಗೆ ಪಕ್ಕದ ಮಡಿಗೂ ಹಬ್ಬುತ್ತದೆ. ಕಿತ್ತ ಮೇಲೆ ದಿನದಿನಕ್ಕೆ ತೂಕ ಇಳಿಯುತ್ತದೆ, ಗಾಳಿಯಾಡದ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ಶೀತಲಗೃಹದಲ್ಲಿಡಲು ಸುಮಾರು 13 ಡಿಗ್ರಿ ಸೆಲ್ಸಿಯಸ್ ಬೇಕು. ಆಲೂಗಡ್ಡೆಗಾಗಿ ಕಟ್ಟಿದ ಕೋಣೆಯ ಎರಡು, ಮೂರು ಡಿಗ್ರಿಯ ಚಳಿಗೆ ಶುಂಠಿ ಕೆಡುತ್ತದೆ. ಉಳಿದ ದಾರಿ ಒಣಗಿಸುವುದು. ಶುಂಠಿ ಕಣಗಳಲ್ಲಿ ಸಿಪ್ಪೆ ಹೆರೆದು ಬಿಸಿಲಿಗೆ ಹರವಿದರೆ, ನೂರು ಕಿಲೋ ಹಸಿಯಿಂದ ಸಿಗುವುದು ಇಪ್ಪತ್ತರ ಆಸುಪಾಸು.

2023ರ ಮಳೆಗಾಲದಲ್ಲಿ 60 ಕಿಲೋ ಚೀಲದ ಬೆಲೆ ಹತ್ತು ಸಾವಿರ ರೂಪಾಯಿ ದಾಟಿದಾಗ ಹೊಲಗಳಿಗೆ ರಾತ್ರಿ ಕಾವಲು ಬಂತು. ಆಗ ಲಾಭ ಕಂಡವರು ಕಾಯಲು ಶಕ್ತಿಯಿದ್ದವರು. ಆ ಆಸೆಗೆ ಮರುವರ್ಷ ನೆಟ್ಟವರು ದರ ಕುಸಿದದ್ದನ್ನೂ ಕಂಡರು.

ಕಾಯುವ ಶಕ್ತಿ ಎಲ್ಲರಿಗೂ ಒಂದೇ ಅಲ್ಲ. ಸ್ವಂತ ಜಮೀನಿನವನು ಇನ್ನೊಂದು ಮಳೆಗಾಲದವರೆಗೆ ಬಿಡಬಹುದು. ವರ್ಷದ ಮಟ್ಟಿಗೆ ಗೇಣಿಗೆ ಹಿಡಿದವನು ಅವಧಿ ಮುಗಿದೊಡನೆ ಹೊಲ ಬಿಡಬೇಕು. ಬೀಜ, ಗೊಬ್ಬರ, ಔಷಧಿಯ ಸಾಲ ಅವನ ಹೆಗಲ ಮೇಲೆ. ಖರೀದಿದಾರನಿಗೂ ಇದು ಗೊತ್ತು. ಕೊಳೆಯುವ ಮಾಲಿನ ದರವನ್ನು ಎಷ್ಟೋ ಸಲ ನಿರ್ಧರಿಸುವುದು ಮಾಲಿನ ಗುಣವಲ್ಲ, ಮಾರುವವನ ಅವಸರ.

ಮಾರಿದ ತೋಟದ ಫಸಲು ವಿಪತ್ತಿಗೆ ಸಿಕ್ಕಿ ನಾಶವಾದರೆ, ಕೊಂಡವನಿಂದ ಹಣ ಪಡೆಯುವ ಹಕ್ಕು ಮಾರಿದವನಿಗಿಲ್ಲ ಎಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಗೇಣಿಯ ಲೆಕ್ಕ ಬೇರೆಯಿರಬಹುದು. ಅದರ ಹಿಂದಿನ ನ್ಯಾಯ ಬೇರೆಯಲ್ಲ. ಕೊಳೆರೋಗ ಬಿದ್ದ ವರ್ಷ ಗೇಣಿಯಲ್ಲಿ ಒಂದಿಷ್ಟು ಬಿಡುವುದು, ದರ ಬಿದ್ದಾಗ ಎರಡು ತಿಂಗಳು ಹೆಚ್ಚಿಗೆ ಹೊಲ ಬಿಟ್ಟುಕೊಡುವುದು, ತೂಕದ ದಿನವೇ ಹಣ ಎಣಿಸುವುದು ನಮ್ಮ ಕೈಯಲ್ಲೇ ಇವೆ. ಇವಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ. ಶೀತಲಗೃಹ ಬರುವಾಗ ಬರಲಿ. ಅಲ್ಲಿಯವರೆಗೆ ಬೆಳೆದವನಿಗೆ ನಾಲ್ಕು ದಿನ ಕಾಯುವ ಅವಕಾಶ ಕೊಡುವುದೂ ಒಂದು ದಾಸ್ತಾನೇ.