ತೆಲುಗು ಬರುತ್ತೆ ಸ್ವಾಮಿ, ಹಾಗಂತ ನಾವೇನು ಪರವೂರಿನವರಾ?



ಬೆಂಗಳೂರಿನಿಂದ ಹೈದರಾಬಾದ್ ಹೆದ್ದಾರಿ ಹಿಡಿದು, ಚಿಕ್ಕಬಳ್ಳಾಪುರ ದಾಟಿ ಬಾಗೇಪಲ್ಲಿ ಕಡೆಗೆ ಹೊರಟರೆ ನಡುವೆ ಪೆರೇಸಂದ್ರ ಸಿಗುತ್ತದೆ. ಗುಡಿಬಂಡೆಗೆ ಹೋಗುವವರು ಇಲ್ಲಿಂದಲೇ ತಿರುಗಬೇಕು. ಅದು ನನ್ನೂರು. ನಮ್ಮ ಮನೆಯಲ್ಲಿ 'ಊಟ ಅಯಿಂದಾ?' ಅಂತ ಕೇಳ್ತೀವಿ. 'ಊಟ' ಕನ್ನಡದ್ದು, 'ಅಯಿಂದಾ' ತೆಲುಗಿನದ್ದು. ಕೇಳಿದವನಿಗೂ ಉಂಡವನಿಗೂ ಅದನ್ನು ಬಿಡಿಸಿ ನೋಡಬೇಕು ಅಂತ ಒಂದು ದಿನವೂ ಅನ್ನಿಸಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ... ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಗೌರಿಬಿದನೂರು, ಯಾವ ಕಡೆ ಹೋದರೂ ಇಂಥ ಮನೆಗಳು ಸಿಗುತ್ತವೆ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಕಚೇರಿಗಳ ಬೋರ್ಡು ಬದಲಾಯಿತು, ನಮ್ಮ ಮಾತು ಬದಲಾಗಲಿಲ್ಲ.

ಎರಡು ಭಾಷೆ ಬಂದರೆ ಎರಡು ಕಡೆ ಮರ್ಯಾದೆ ಸಿಗಬೇಕು ತಾನೆ? ನಮ್ಮ ಸೀಮೆಯವರಿಗೆ ಎರಡು ಕಡೆಯೂ ತಕರಾರು ಸಿಗುತ್ತದೆ. ಅದು ಹೇಗೆ ಅಂತ ಕೇಳಿ.

ಗಾಂಧಿನಗರದ ಒಂದು ಪ್ರಶ್ನೆ

ಪಿ.ಯು.ಸಿ. ಮುಗಿಸದೆ ಕಾಲೇಜು ಬಿಟ್ಟವನು ನಾನು. ಸಿನಿಮಾ ಹುಚ್ಚಿನಿಂದ ಬಿಟ್ಟ ಅಂತ ಊರಲ್ಲಿ ಮಾತಾಡಿಕೊಂಡರು. ನಿಜವಾದ ಕಾರಣ ಬೋರ್‌ವೆಲ್. ಸಾವಿರ ಅಡಿ ದಾಟಿದರೂ ಧೂಳು ಬಂತೇ ಹೊರತು ನೀರು ಬರಲಿಲ್ಲ. ಹಿಪ್ಪುನೇರಳೆ ತೋಟ ಒಣಗಿತು, ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಗೂಡು ಒಯ್ಯುವುದು ನಿಂತಿತು, ಸಾಲ ಮಾತ್ರ ನಮ್ಮ ಜೊತೆ ನಿಂತಿತು. ನಂದಿಯ ಸುತ್ತಿನ ಬೆಟ್ಟಗಳಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ಚಿತ್ರಾವತಿ ಎರಡೂ ಆಂಧ್ರದ ಕಡೆಗೆ ಹರಿದು ಹೋಗುವ ನದಿಗಳು. ಹುಟ್ಟೂರಿನಲ್ಲಿ ನಿಲ್ಲಲಾರದ ನದಿಗಳ ಸೀಮೆಯಲ್ಲಿ ಹುಡುಗರು ಎಲ್ಲಿ ನಿಲ್ಲುತ್ತಾರೆ? ನಾನೂ ಬೆಂಗಳೂರಿನ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ದಾರಕ್ಕೆ ನೇತುಹಾಕಿದ್ದ ಸಿನಿಮಾ ಪತ್ರಿಕೆಗಳನ್ನು ಓದಿ ಕಲಿತ ಕನ್ನಡವೇ ನನ್ನ ಬಂಡವಾಳ.

ಗಾಂಧಿನಗರದ ಆಸುಪಾಸಿನಲ್ಲಿ ಒಂದು ಕಚೇರಿ. ಹೆಸರು ಬೇಡ ಬಿಡಿ. ಅಲ್ಲಿನ ಹಿರಿಯರೊಬ್ಬರು ಕೇಳಿದರು:

"ಎಲ್ಲಯ್ಯಾ ನಿನ್ನೂರು?"

"ಪೆರೇಸಂದ್ರ ಸಾರ್. ಚಿಕ್ಕಬಳ್ಳಾಪುರದ ಹತ್ತಿರ."

"ಓ... ತೆಲುಗಿನವನು!"

"ಇಲ್ಲ ಸಾರ್, ಕನ್ನಡ ಮೀಡಿಯಂ ಓದಿದ್ದು."

"ಮನೇಲಿ ಏನು ಮಾತಾಡ್ತೀಯ?"

"ತೆಲುಗು."

"ಮತ್ತೆ?"

ಆ 'ಮತ್ತೆ?' ಇದೆಯಲ್ಲ, ಅದರಲ್ಲೇ ತೀರ್ಪು ಬರೆದಾಗಿತ್ತು. ಅಂದಿನಿಂದ ನನಗೆ ತೆಲುಗು ಚಿತ್ರಗಳ ಸುದ್ದಿ ಮಾತ್ರ ಮೀಸಲು. ಏಪ್ರಿಲ್ 24, ಅಣ್ಣಾವ್ರ ಹುಟ್ಟುಹಬ್ಬದ ಸಂಚಿಕೆಗೆ ಅಂತ ಮೂರು ರಾತ್ರಿ ಕೂತು ಒಂದು ಲೇಖನ ಬರೆದುಕೊಂಡು ಹೋದೆ. ಅವರು ಮೊದಲ ಹಾಳೆಯನ್ನೂ ಮಗುಚಲಿಲ್ಲ. "ಅಣ್ಣಾವ್ರ ಬಗ್ಗೆ ನಮ್ಮವರು ಬರೀತಾರೆ, ನೀನು ಹೈದರಾಬಾದ್ ಸುದ್ದಿ ತಗೊಂಡು ಬಾ" ಅಂದರು. ಆ ತಿಂಗಳು ರೂಮಿನ ಬಾಡಿಗೆಗೆ ದುಡ್ಡು ಸಾಲಲಿಲ್ಲ. ಅದು ಮರೆತುಹೋಗಿದೆ. 'ನಮ್ಮವರು' ಅನ್ನುವ ಮಾತು ಮಾತ್ರ ಇನ್ನೂ ಮುಳ್ಳಿನ ಹಾಗೆ ಒಳಗೇ ಉಳಿದಿದೆ.

ಅವ್ವನ ರಾಜ್‌ಕುಮಾರ್

ಆ ಲೇಖನದಲ್ಲಿ ಇದ್ದವಳು ನಮ್ಮ ಅವ್ವ. ನಮ್ಮ ಮನೆಯಲ್ಲಿ ಅಜ್ಜಿಯನ್ನು ಅವ್ವ ಅಂತೀವಿ. ಅಕ್ಷರ ಬಾರದವಳು. ಬಾಯಿ ತೆರೆದರೆ ತೆಲುಗು. ಟೂರಿಂಗ್ ಟಾಕೀಸಿನ ಕಾಲದವಳು. ತೆರೆಯ ಮೇಲೆ ಎನ್.ಟಿ. ರಾಮರಾವ್ ಕೃಷ್ಣನಾಗಿ ಬಂದರೆ ಕೈ ಮುಗಿಯುತ್ತಿದ್ದಳು. ರಾಜ್‌ಕುಮಾರ್ ಕಣ್ಣೀರು ಹಾಕಿದರೆ ಸೆರಗು ಬಾಯಿಗಿಟ್ಟು ಅಳುತ್ತಿದ್ದಳು. ಒಬ್ಬರು ದೇವರು, ಇನ್ನೊಬ್ಬರು ಮನೆಯ ಮಗ. ಅವಳ ಲೆಕ್ಕ ಅಷ್ಟು ಸರಳ.

1972ರ 'ಬಂಗಾರದ ಮನುಷ್ಯ' ಅವಳ ಪ್ರಾಣ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ. ಬರಡು ನೆಲವನ್ನು ಹಸಿರು ಮಾಡುವ ರಾಜೀವನ ಕಥೆ ನೀರಿಲ್ಲದ ನಮ್ಮ ಸೀಮೆಯವರಿಗೆ ಅರ್ಥವಾಗಲು ಯಾವ ಭಾಷೆ ಬೇಕಿತ್ತು ಹೇಳಿ? ಆದರೂ ಅವಳು ಆ ಕನ್ನಡವನ್ನು ಕಿವಿಯಿಂದಲೇ ಕಲಿತಳು. ಇಂದಿಗೂ ನಮ್ಮ ಮನೆಯಲ್ಲಿ ಅವಳು ತಪ್ಪಿಲ್ಲದೆ ಆಡುವ ಕನ್ನಡವೆಂದರೆ ರಾಜ್‌ಕುಮಾರ್ ಕನ್ನಡ.

2000ನೇ ಇಸವಿ ಜುಲೈ 30ರ ರಾತ್ರಿ ಗಾಜನೂರಿನಿಂದ ಅಣ್ಣಾವ್ರನ್ನು ವೀರಪ್ಪನ್ ಅಪಹರಿಸಿದ. ನವೆಂಬರ್ 15ರಂದು ಬಿಡುಗಡೆ. 108 ದಿನ! ನಾನಾಗ ಕೈಗೂಸು. ಅಮ್ಮ ಹೇಳುವುದು ಕೇಳಿದ್ದೇನೆ, ಅಷ್ಟು ದಿನವೂ ಅವ್ವ ಸಂಜೆ ದೀಪ ಹಚ್ಚಿ ಆತನಿಗಾಗಿ ಬೇಡಿಕೊಂಡಳಂತೆ. ಬೇಡಿಕೊಂಡದ್ದು ತೆಲುಗಿನಲ್ಲಿ. ಯಾರಿಗಾಗಿ? ಕನ್ನಡದ ವರನಟನಿಗಾಗಿ. ಈಗ ಹೇಳಿ ಸಾರ್, ನಮ್ಮವ್ವ ನಿಮ್ಮವಳೋ, ಅವರವಳೋ?

ಇನ್ನೊಂದು ಮಾತು. ಆ ಗಾಜನೂರು ಇರುವುದು ಈಗಿನ ತಮಿಳುನಾಡಿನಲ್ಲಿ. ಅಣ್ಣಾವ್ರೂ ಗಡಿಯ ಮಗನೇ! 1954ರಲ್ಲಿ 'ಬೇಡರ ಕಣ್ಣಪ್ಪ' ಮಾಡಿದ ಅವರು ಅದೇ ವರ್ಷ ಅದೇ ಕಥೆಯ ತೆಲುಗು ಚಿತ್ರ 'ಕಾಳಹಸ್ತಿ ಮಹಾತ್ಮ್ಯಂ'ನಲ್ಲೂ ಕಣ್ಣಪ್ಪನಾಗಿದ್ದರು. ಆಮೇಲೆ ಕನ್ನಡ ಬಿಟ್ಟು ಅತ್ತ ಹೋಗಲಿಲ್ಲ. ಅವರ ಹಾಡಿನ ದನಿಯಾಗಿ ವರ್ಷಾನುಗಟ್ಟಲೆ ಮೆರೆದ ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು. ಆ ದನಿ ಕೇಳಿ ಕಣ್ಣು ಒದ್ದೆ ಮಾಡಿಕೊಂಡ ಕನ್ನಡಿಗರಲ್ಲಿ ಎಷ್ಟು ಜನ 'ಇವರ ಮನೆಮಾತು ಯಾವುದು' ಅಂತ ವಿಚಾರಿಸಿದ್ದರು?

ಆರ್‌ಆರ್‌ಆರ್ ನಮ್ಮೂರಿಗೆ ಬಂದಾಗ

ಬೆಂಗಳೂರಿನವರ ತಕರಾರು ಇದಾಯಿತು. ಈಗ ಇನ್ನೊಂದು ಕಡೆಯದ್ದು.

2022ರ ಮಾರ್ಚ್ 19. ರಾಜಮೌಳಿಯವರ 'ಆರ್‌ಆರ್‌ಆರ್' ಬಿಡುಗಡೆಗೆ ಮುಂಚಿನ ಭಾರಿ ಸಮಾರಂಭ ನಡೆದದ್ದು ನಮ್ಮ ಚಿಕ್ಕಬಳ್ಳಾಪುರದಲ್ಲಿ. ಜೂನಿಯರ್ ಎನ್.ಟಿ.ಆರ್., ರಾಮ್ ಚರಣ್, ನಮ್ಮ ಶಿವಣ್ಣ, ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಎಲ್ಲರೂ ಒಂದೇ ವೇದಿಕೆಯಲ್ಲಿ! ಜನ ಅಂದರೆ ಜಾತ್ರೆ! ರಾಜಮೌಳಿ ಹುಟ್ಟಿದ್ದು ನಮ್ಮ ರಾಯಚೂರು ಜಿಲ್ಲೆಯಲ್ಲಿ, ಜೂನಿಯರ್ ಎನ್.ಟಿ.ಆರ್. ತಾಯಿಯ ಊರು ಕುಂದಾಪುರ. ನಾಯಕರಿಬ್ಬರೂ ಕನ್ನಡ ಅವತರಣಿಕೆಗೆ ತಾವೇ ದನಿ ಕೊಟ್ಟಿದ್ದರು. ನಮಗೆ ಇನ್ನೇನು ಬೇಕು?

ಚಿತ್ರ ತೆರೆಗೆ ಬಂದದ್ದು ಮಾರ್ಚ್ 25ಕ್ಕೆ. ಅದಕ್ಕೂ ಮೊದಲೇ ಕನ್ನಡ ಅವತರಣಿಕೆಗೆ ಚಿತ್ರಮಂದಿರಗಳೇ ಇಲ್ಲ ಅಂತ ಟ್ವಿಟರ್‌ನಲ್ಲಿ ಬಹಿಷ್ಕಾರದ ಕೂಗು ಎದ್ದಿತ್ತು. ನಾನು ಟಿಕೆಟ್ ಕೇಳಿದ ಥಿಯೇಟರಿನಲ್ಲೂ ಹಾಕಿದ್ದು ತೆಲುಗು ಒಂದೇ. ಕೌಂಟರಿನ ಹುಡುಗನನ್ನು "ಕನ್ನಡದ ಆಟ ಯಾವಾಗಪ್ಪಾ?" ಅಂತ ಕೇಳಿದೆ. ಅವನು ನಕ್ಕ. "ನಿಮಗೆ ತೆಲುಗು ಬರುತ್ತಲ್ಲಣ್ಣಾ, ಇನ್ನು ಕನ್ನಡ ಯಾಕೆ?"

ನೋಡಿದಿರಾ ಚಮತ್ಕಾರ! ಗಾಂಧಿನಗರದಲ್ಲಿ 'ನಿನಗೆ ತೆಲುಗು ಬರುತ್ತೆ, ಆದ್ದರಿಂದ ಅಣ್ಣಾವ್ರ ಬಗ್ಗೆ ಬರೆಯಬೇಡ'. ಥಿಯೇಟರಿನಲ್ಲಿ 'ನಿನಗೆ ತೆಲುಗು ಬರುತ್ತೆ, ಆದ್ದರಿಂದ ಕನ್ನಡದಲ್ಲಿ ನೋಡಬೇಡ'. ಮಾತು ಒಂದೇ, ಏಟು ಎರಡು.

ಇದಕ್ಕೆ ಹಳೆಯ ಕಥೆಯೂ ಇದೆ. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಡಬ್ಬಿಂಗ್‌ಗೆ ಬಾಗಿಲು ಹಾಕಿತು. ಎಳೆಯ ಉದ್ಯಮ, ಇಲ್ಲಿನ ಕಲಾವಿದರ, ಕಾರ್ಮಿಕರ ಅನ್ನ ಉಳಿಯಬೇಕಿತ್ತು. ಅಂದಿನ ಆ ಭಯ ಸುಳ್ಳಲ್ಲ. ಆದರೆ ನಮ್ಮ ಸೀಮೆಯಲ್ಲಿ ಏನಾಯಿತು? ತೆಲುಗು ಚಿತ್ರಗಳು ನಿಲ್ಲಲಿಲ್ಲ, ತೆಲುಗಿನಲ್ಲೇ ಬಂದವು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಆದೇಶ ಕೊಟ್ಟ ಮೇಲೆ ಬಾಗಿಲು ಮೆಲ್ಲಗೆ ತೆರೆಯಿತು. ಇಷ್ಟು ವರ್ಷ ತೆಲುಗಿನಲ್ಲಿ ನೋಡಿದವರು ಇನ್ನು ಮುಂದೆಯೂ ಹಾಗೇ ನೋಡಲಿ ಅನ್ನುವ ಅಭ್ಯಾಸ ಮಾತ್ರ ಉಳಿದುಕೊಂಡಿತು. ಕನ್ನಡದಲ್ಲೇ ಓದಿ ಬರೆದು ಬೆಳೆದ ನನ್ನ ವಯಸ್ಸಿನ ಹುಡುಗರನ್ನು ಯಾರೂ ಕೇಳಲೇ ಇಲ್ಲ.

ಶಿಳ್ಳೆ ಬೇರೆ, ಓಟು ಬೇರೆ

ತೆಲುಗು ಹೀರೋಗೆ ಶಿಳ್ಳೆ ಹೊಡೆದರೆ ನಮ್ಮ ನಿಷ್ಠೆಯೂ ಅತ್ತ ಹೋಯಿತು ಅಂತ ಕೆಲವರ ಅನುಮಾನ. ಅವರಿಗೆ ಬಾಗೇಪಲ್ಲಿಯ ಕಥೆ ಹೇಳಬೇಕು. ತೆಲುಗಿನಿಂದ ಬಂದು 1996ರ 'ಪೊಲೀಸ್ ಸ್ಟೋರಿ'ಯಲ್ಲಿ ಅಗ್ನಿಯಾಗಿ ಗುಡುಗಿದ ಸಾಯಿಕುಮಾರ್ ಯಾರಿಗೆ ಗೊತ್ತಿಲ್ಲ? ಆ ಸಂಭಾಷಣೆಗೆ ಇಂದಿಗೂ ರೋಮ ನಿಮಿರುತ್ತದೆ. ಅವರು 2008ರಲ್ಲಿ ಬಾಗೇಪಲ್ಲಿ ವಿಧಾನಸಭಾ ಕ್ಷೇತ್ರದಿಂದ ಸ್ಪರ್ಧಿಸಿದರು. 2018ರಲ್ಲಿ ಮತ್ತೆ ಸ್ಪರ್ಧಿಸಿದರು. ಎರಡು ಸಲವೂ ಸೋತರು. ನಮ್ಮ ಜನ ಶಿಳ್ಳೆಯನ್ನು ತೆರೆಗೆ ಕೊಟ್ಟರು, ಓಟನ್ನು ತಮಗೆ ಬೇಕಾದವರಿಗೆ ಹಾಕಿದರು. ಗೌರಿಬಿದನೂರಿನ ಆಚೆಗೆ ಆಂಧ್ರದ ಹಿಂದೂಪುರ. ಅಲ್ಲಿ ಎನ್.ಟಿ.ಆರ್. 1985, 1989, 1994ರಲ್ಲಿ ಗೆದ್ದರು. ಅವರ ಮಗ ಬಾಲಕೃಷ್ಣ 2014ರಿಂದ ಗೆಲ್ಲುತ್ತಲೇ ಬಂದಿದ್ದಾರೆ. ಗೆರೆಯ ಆ ಕಡೆ ಒಂದು ಲೆಕ್ಕ, ಈ ಕಡೆ ಒಂದು ಲೆಕ್ಕ.

ಗೆರೆಯಾಚೆ ನಮ್ಮ ಕನ್ನಡಿಯಂಥ ಜನರೂ ಇದ್ದಾರೆ. ಹಿಂದೂಪುರದ ಪಕ್ಕದ ಮಡಕಶಿರಾ ಕಡೆ ಮನೆಯಲ್ಲಿ ಕನ್ನಡ ಮಾತಾಡಿ ಹೊರಗೆ ತೆಲುಗಿನಲ್ಲಿ ಬದುಕುವವರು ಎಷ್ಟೋ ಜನ. 'ಕೆ.ಜಿ.ಎಫ್.' ನಿರ್ದೇಶಕ ಪ್ರಶಾಂತ್ ನೀಲ್ ಅವರ ಮೂಲದ ಊರು ನೀಲಕಂಠಾಪುರ ಇರುವುದು ಅದೇ ಮಡಕಶಿರಾ ಸೀಮೆಯಲ್ಲಿ. 2018ರಲ್ಲಿ ಅವರು ಕೋಲಾರದ ಚಿನ್ನದ ಗಣಿಯ ಕಥೆ ಹೇಳಿ ಕನ್ನಡ ಚಿತ್ರವನ್ನು ದೇಶವೆಲ್ಲ ಮೆರೆಸಿದಾಗ ನಾವೆಲ್ಲ ಎದೆ ತಟ್ಟಿಕೊಂಡೆವಲ್ಲವೇ?

ಮುಳಬಾಗಿಲು ತಾಲ್ಲೂಕಿನ ಮೂಲದ ಸೌಂದರ್ಯ ಅತ್ತ ಹೋಗಿ ತೆಲುಗರ ಮನೆಮಗಳಾದರು. ಆದರೂ ಕೈಯಿಂದ ದುಡ್ಡು ಹಾಕಿ ನಿರ್ಮಿಸಿದ್ದು ಕನ್ನಡದ 'ದ್ವೀಪ'. ಗಿರೀಶ್ ಕಾಸರವಳ್ಳಿಯವರ ಆ ಚಿತ್ರಕ್ಕೆ ರಾಷ್ಟ್ರದ ಸ್ವರ್ಣಕಮಲ ಬಂತು. 2004ರ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ಆಕೆ ತೀರಿಕೊಂಡಾಗ ಎರಡು ರಾಜ್ಯಗಳು ಅತ್ತವು. ಗಡಿಸೀಮೆಯ ಒಂದು ಹೆಣ್ಣಿಗೆ ಮಾತ್ರ ಸಿಗುವ ಭಾಗ್ಯ ಅದು.

ಯಾರು ಕನ್ನಡಿಗ?

ಸಿನಿಮಾ ಬಿಡಿ. ಪೆರೇಸಂದ್ರದಿಂದ ಬೆಂಗಳೂರಿಗೆ ಹೋಗುವಾಗ ಚಿಕ್ಕಬಳ್ಳಾಪುರದ ಹತ್ತಿರವೇ ಮುದ್ದೇನಹಳ್ಳಿ. ಸರ್ ಎಂ. ವಿಶ್ವೇಶ್ವರಯ್ಯನವರ ಊರು. ಅವರ ಮನೆತನ ಆಂಧ್ರದ ಮೋಕ್ಷಗುಂಡಂನಿಂದ ಬಂದದ್ದು, ಮನೆಮಾತು ತೆಲುಗು. ಅವರು ದಿವಾನರಾಗಿದ್ದಾಗಲೇ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. ಮನೆಯಲ್ಲಿ ಮರಾಠಿ ಆಡಿದ ಬೇಂದ್ರೆ, ತಮಿಳು ಆಡಿದ ಮಾಸ್ತಿ ಇಬ್ಬರೂ ಕನ್ನಡಕ್ಕೆ ಜ್ಞಾನಪೀಠ ತಂದರು. ಮಾಸ್ತಿ ನಮ್ಮ ಹಳೆಯ ಕೋಲಾರ ಜಿಲ್ಲೆಯವರೇ. 'ಮನೇಲಿ ಏನು ಮಾತಾಡ್ತೀಯ?' ಅಂತ ಇವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿದ್ದರೆ ಒಳಗೆ ಉಳಿಯುತ್ತಿದ್ದವರು ಯಾರು?

2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿ, ಆಮೇಲೆ ತಡೆಹಿಡಿದ ಸ್ಥಳೀಯರ ಉದ್ಯೋಗ ಮಸೂದೆಯಲ್ಲೂ ಇದ್ದ ಷರತ್ತು ಇಷ್ಟೆ: ಇಲ್ಲಿ ಹುಟ್ಟಿರಬೇಕು, 15 ವರ್ಷ ಇಲ್ಲಿ ನೆಲೆಸಿರಬೇಕು, ಕನ್ನಡ ಮಾತಾಡಲು, ಓದಲು, ಬರೆಯಲು ಬರಬೇಕು, ಅದಕ್ಕೊಂದು ಪರೀಕ್ಷೆ ಬೇಕಾದರೆ ಪರೀಕ್ಷೆ. ಅವ್ವನ ಜೊತೆ ಯಾವ ಭಾಷೆಯಲ್ಲಿ ಜಗಳ ಆಡ್ತೀಯ ಅಂತ ಸರ್ಕಾರ ಕೂಡ ಕೇಳಿರಲಿಲ್ಲ. ಪರೀಕ್ಷೆ ಇಡಿ, ನಮ್ಮ ಹುಡುಗರು ಬರೆದು ಪಾಸಾಗುತ್ತಾರೆ.

ನನ್ನ ಅಹವಾಲು ಎರಡೇ. ಬೆಂಗಳೂರಿನ ಮಿತ್ರರೇ, ನಮ್ಮ ಉಚ್ಚಾರದಲ್ಲಿ ತೆಲುಗಿನ ಎಳೆ ಕಂಡರೆ ನಗಿ, ಬೇಜಾರಿಲ್ಲ. ಆದರೆ ನಾವು ಬರೆದ ಹಾಳೆಯನ್ನು ಓದಿ ಆಮೇಲೆ ಬೇಕಾದರೆ ವಾಪಸ್ ಕೊಡಿ. ಚಿತ್ರಮಂದಿರದ ಯಜಮಾನರೇ, ದೊಡ್ಡ ಚಿತ್ರ ಬಂದಾಗ ನಮ್ಮ ಕಡೆ ದಿನಕ್ಕೊಂದು ಕನ್ನಡದ ಆಟ ಹಾಕಿ ನೋಡಿ. ತೆಲುಗಿನ ಆಟವನ್ನೂ ತೆಗೆಯಬೇಡಿ, ನಮ್ಮವ್ವ ಕೃಷ್ಣನಿಗೆ ಕೈ ಮುಗಿಯಬೇಕು. ಟಿಕೆಟ್ಟಿನ ದುಡ್ಡು ನಮ್ಮದು ತಾನೆ? ಯಾವ ಭಾಷೆಯಲ್ಲಿ ನೋಡಬೇಕು, ಯಾರನ್ನು ನಮ್ಮವರು ಅನ್ನಬೇಕು ಅನ್ನುವುದನ್ನೂ ನಮಗೇ ಬಿಟ್ಟುಬಿಡಿ ಸ್ವಾಮಿ!