ನಿಂತಲ್ಲೇ ಇನ್ನೂರರ ವೇಗ

ಕಾರಿನ ಹುಚ್ಚು ಹತ್ತಿದ ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಎಲ್ಲಿಂದಲಾದರೂ ಶುರುವಾಗಲಿ, ಎರಡನೇ ಕಾಫಿಯ ಹೊತ್ತಿಗೆ ‘ಡೈನೋದಲ್ಲಿ ಎಷ್ಟು ಬಂತು?’ ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಡೈನೋ ಅಂದರೆ ಕಾರಿನ ಚಕ್ರಗಳನ್ನು ರೋಲರುಗಳ ಮೇಲೆ ಓಡಿಸಿ ಬಲ ಅಳೆಯುವ ಯಂತ್ರ. ಒಬ್ಬ ಇನ್ನೂರು ಹಾರ್ಸ್‌ಪವರ್ ಅಂದರೆ ಇನ್ನೊಬ್ಬ ಇನ್ನೂರ ಇಪ್ಪತ್ತು ಅನ್ನುತ್ತಾನೆ. ನನಗೂ ಆ ಪ್ರಶ್ನೆ ಇಷ್ಟವೇ. ಆದರೂ ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೊಂದಿದೆ ಅನ್ನಿಸುತ್ತದೆ: ಆಕ್ಸಿಲರೇಟರಿನಿಂದ ಕಾಲು ತೆಗೆದದ್ದು ಯಾವಾಗ, ಯಾಕೆ? ಎಂಜಿನ್ನನ್ನು ಹದಗೊಳಿಸುವ ಟ್ಯೂನರನ ಕಸುಬು ತಿಳಿಯುವುದು ಅಲ್ಲಿ. ಅದರಲ್ಲೂ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಾರಾದರೆ, ಕಾಲು ಇಡುವುದಕ್ಕೆ ಮುಂಚಿನ ಸಿದ್ಧತೆಯಲ್ಲೇ ಅರ್ಧ ಟ್ಯೂನಿಂಗ್ ಮುಗಿದಿರುತ್ತದೆ.

ಯಂತ್ರದ ಬಲ ಅಳೆಯುವ ಆಸೆ ಹಳೆಯದು. ಜೇಮ್ಸ್ ವಾಟ್ ತನ್ನ ಉಗಿಯಂತ್ರ ಮಾರಲು ಗಿರಣಿಯ ಕುದುರೆಯನ್ನು ಲೆಕ್ಕಕ್ಕೆ ತಂದು, ಒಂದು ನಿಮಿಷದಲ್ಲಿ 33,000 ಪೌಂಡ್ ಭಾರವನ್ನು ಒಂದಡಿ ಎತ್ತಿದರೆ ಅದು ಒಂದು ಹಾರ್ಸ್‌ಪವರ್ ಎಂದು ಗೊತ್ತುಮಾಡಿದ. 1821ರಲ್ಲಿ ಫ್ರಾನ್ಸಿನ ಗಾಸ್ಪಾರ್ ದ ಪ್ರೋನಿ ತಿರುಗುವ ಶಾಫ್ಟಿಗೆ ಬ್ರೇಕು ಬಿಗಿದು, ಅದು ಎಷ್ಟು ಜಗ್ಗುತ್ತದೆ ಎಂದು ತೂಗಿ ನೋಡಿದ. 1877ರಲ್ಲಿ ವಿಲಿಯಂ ಫ್ರೂಡ್ ಬ್ರಿಟಿಷ್ ನೌಕಾಪಡೆಯ ದೊಡ್ಡ ಎಂಜಿನ್ನುಗಳಿಗಾಗಿ ನೀರನ್ನೇ ಬ್ರೇಕು ಮಾಡಿದ. ಇವತ್ತಿನ ಗ್ಯಾರೇಜಿನ ಡೈನೋ ಇದೇ ವಂಶದ್ದು. ಸರಳವಾದದ್ದರಲ್ಲಿ ಬ್ರೇಕೂ ಇರುವುದಿಲ್ಲ. ಭಾರಿ ರೋಲರನ್ನು ಚಕ್ರ ಎಷ್ಟು ಬೇಗ ತಿರುಗಿಸಿತು ಎಂಬುದರ ಮೇಲೆ ಲೆಕ್ಕ. ಇನ್ನೊಂದು ಬಗೆಯದರಲ್ಲಿ ವಿದ್ಯುತ್ಕಾಂತದ ಬ್ರೇಕು ಇರುತ್ತದೆ. 3,500 ಆರ್‌ಪಿಎಂನಲ್ಲಿ ನಿಲ್ಲಿಸು ಅಂದರೆ ಎಂಜಿನ್ನನ್ನು ಅಲ್ಲೇ ಹಿಡಿದಿಡುತ್ತದೆ. ಟ್ಯೂನಿಂಗಿಗೆ ನನ್ನ ಓಟು ಇದಕ್ಕೇ. ಎಂಜಿನ್ ಕಂಪ್ಯೂಟರಿನೊಳಗಿನ ಕೋಷ್ಟಕ, ಅಂದರೆ ಮ್ಯಾಪಿನ ಒಂದೊಂದು ಮನೆಗೂ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಕೂತು ನೋಡದೆ ಪೆಟ್ರೋಲು ಎಷ್ಟು, ಕಿಡಿ ಯಾವಾಗ ಎಂದು ತೀರ್ಮಾನಿಸುವುದು ಹೇಗೆ?

ಎರಡು ಚಕ್ರ ಎಳೆಯುವ ಕಾರಿಗೆ ಒಂದು ಜೊತೆ ರೋಲರು ಸಾಕು. ನಾಲ್ಕೂ ಎಳೆಯುವ ಕಾರಿಗೆ ಎರಡು ಜೊತೆ ಬೇಕು. ಬರೀ ಇದ್ದರೆ ಸಾಲದು, ಮುಂದಿನದೂ ಹಿಂದಿನದೂ ಒಂದಕ್ಕೊಂದು ಜೋಡಿಕೊಂಡು ಒಂದೇ ವೇಗದಲ್ಲಿ ತಿರುಗಬೇಕು. ಜೋಡಿ ಎತ್ತಿನಲ್ಲಿ ಒಂದು ಓಡಿ ಇನ್ನೊಂದು ನಿಂತರೆ ಪೆಟ್ಟು ಬೀಳುವುದು ನೊಗಕ್ಕೆ. ಇಲ್ಲಿ ನೊಗ ಅಂದರೆ ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಸೆಂಟರ್ ಡಿಫರೆನ್ಷಿಯಲ್. ನಮ್ಮಲ್ಲಿ ಶೆವರ್ಲೆ ಫಾರೆಸ್ಟರ್ ಎಂಬ ಹೆಸರಿನಲ್ಲಿ ಮಾರಾಟವಾದ ಕಾರು ಹಲವರಿಗೆ ನೆನಪಿರಬಹುದು. ಮುಂದಿನ ಚಿಹ್ನೆ ಮಾತ್ರ ಶೆವರ್ಲೆಯದು, ಮಿಕ್ಕ ಮೈಯೆಲ್ಲ ಸುಬಾರು. ಆ ಕಾಲದ ಮ್ಯಾನುಯಲ್ ಸುಬಾರುಗಳ ಡಿಫರೆನ್ಷಿಯಲ್ಲಿಗೆ ವಿಸ್ಕಸ್ ಕಪ್ಲಿಂಗ್ ಜೊತೆಯಾಗಿರುತ್ತದೆ: ಮುಚ್ಚಿದ ಡಬ್ಬಿ, ಒಳಗೆ ಸಾಲು ಸಾಲು ತೆಳು ತಟ್ಟೆ, ನಡುವೆ ಸಿಲಿಕೋನ್ ದ್ರವ. ಮುಂದಿನ ಹಿಂದಿನ ಚಕ್ರಗಳ ವೇಗ ಬೇರೆಯಾದರೆ ತಟ್ಟೆಗಳು ದ್ರವವನ್ನು ಕಲಕುತ್ತವೆ, ದ್ರವ ಕಾದು ಹಿಗ್ಗುತ್ತದೆ, ಕಪ್ಲಿಂಗ್ ಹಿಡಿದುಕೊಳ್ಳುತ್ತದೆ. ಕೆಸರಿನ ದಾರಿಯಲ್ಲಿ ಇದು ವರ. ಇದೇ ಕಾರನ್ನು ಎರಡು ಚಕ್ರದ ಡೈನೋ ಮೇಲೆ ಹತ್ತಿಸಿ ಹಿಂದಿನ ಚಕ್ರವನ್ನು ನೆಲದ ಮೇಲೆ ಬಿಟ್ಟರೆ ಕಾರು ರೋಲರು ಬಿಟ್ಟು ನುಗ್ಗುತ್ತದೆ. ಬಲವಂತವಾಗಿ ಕಟ್ಟಿ ಹಿಡಿದರೆ ಕಪ್ಲಿಂಗ್ ಸುಟ್ಟುಹೋಗುತ್ತದೆ. ಹಲವು ಆಟೋಮ್ಯಾಟಿಕ್ ಸುಬಾರುಗಳ ಬಾನೆಟ್ಟಿನಡಿ ಒಂದು ಖಾಲಿ ಫ್ಯೂಸ್ ಜಾಗ ಇರುತ್ತದೆ. ಅಲ್ಲಿ ಫ್ಯೂಸ್ ಹಾಕಿದರೆ ಹಿಂದಿನ ಚಕ್ರಕ್ಕೆ ಬಲ ಹೋಗುವುದು ನಿಲ್ಲುತ್ತದೆ. ಪಂಕ್ಚರ್ ಆದಾಗ ಸಣ್ಣ ಸ್ಟೆಪ್ನಿ ಹಾಕಿಕೊಂಡು ಮೆಲ್ಲಗೆ ಊರು ಸೇರಲೆಂದು ಮಾಡಿದ ಏರ್ಪಾಡು ಅದು. ಮ್ಯಾನುಯಲ್ ಕಾರಿಗೆ ಆ ಸೌಲಭ್ಯ ಇಲ್ಲ.

ಹೊಸ ಕಾರುಗಳ ಕಷ್ಟ ಬೇರೆ. ನಾಲ್ಕೂ ಚಕ್ರದ ಸೆನ್ಸರುಗಳು ಕಂಪ್ಯೂಟರಿಗೆ ಸತತ ವರದಿ ಒಪ್ಪಿಸುತ್ತಿರುತ್ತವೆ. ಒಂದು ರೋಲರು ತುಸು ಮುಂದಾದರೂ ಚಕ್ರ ಜಾರಿತೆಂದು ತಿಳಿದು ಕಂಪ್ಯೂಟರು ಪವರ್ ಕಡಿಯುತ್ತದೆ, ಇಲ್ಲವೇ ತಾನೇ ಬ್ರೇಕು ಹಾಕುತ್ತದೆ. ಡ್ಯಾಶ್‌ಬೋರ್ಡಿನ ಸ್ವಿಚ್ ಒತ್ತಿ, ಈ ಕಾವಲು ಕಾಯುವ ಇಎಸ್‌ಪಿ ಆಫ್ ಮಾಡಿದರೆ ಎಲ್ಲವೂ ಆಫ್ ಆಯಿತೆಂದು ನಂಬಬಾರದು. ಆ ಮಾದರಿಗೆ ಕಂಪನಿ ಹೇಳಿದ ಡೈನೋ ಮೋಡ್ ಇದೆಯೋ ಇಲ್ಲವೋ ಮೊದಲು ಓದಿಕೊಳ್ಳಬೇಕು.

ಬೆಂಗಳೂರಿನ ಗ್ಯಾರೇಜೊಂದರಲ್ಲಿ ಒಬ್ಬ ಟ್ಯೂನರ್ ಕಾರು ಕಟ್ಟುವುದನ್ನು ಬಹಳ ಹೊತ್ತು ನೋಡಿದ್ದೇನೆ. ಮೊದಲು ಟೇಪು ಹಿಡಿದು ನಾಲ್ಕೂ ಟೈರಿನ ಸುತ್ತಳತೆ ತೆಗೆದರು. ಸುಬಾರು ಕಾರಿನಲ್ಲಿ ಟೈರುಗಳ ನಡುವೆ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಎರಡು ಹೊಸದು, ಎರಡು ಸವೆದದ್ದು ಹಾಕಿ ತಂದರೆ ಅವರು ಕಾರನ್ನು ಹತ್ತಿಸುವುದೇ ಇಲ್ಲ. ಆಮೇಲೆ ಕುಕ್ಕರಗಾಲಲ್ಲಿ ಕೂತು ಟೈರಿನ ಗೀರುಗಳಿಂದ ಜಲ್ಲಿಕಲ್ಲನ್ನು ಸ್ಕ್ರೂಡ್ರೈವರಿನಲ್ಲಿ ಒಂದೊಂದಾಗಿ ಎಬ್ಬಿಸಿದರು. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ತಿರುಗುವ ಟೈರಿನಿಂದ ಚಿಮ್ಮಿದ ಕಲ್ಲು ಏನು ಮಾಡೀತೆಂದು ಬಿಡಿಸಿ ಹೇಳಬೇಕಿಲ್ಲ. ಗಾಳಿ ಸಮ ಮಾಡಿ, ಮುಂದೆ ಎರಡು ಹಿಂದೆ ಎರಡು ರ‍್ಯಾಚೆಟ್ ಪಟ್ಟಿಗಳನ್ನು ಬಂಪರಿಗೆ ಸಿಕ್ಕಿಸದೆ ಅಡಿಯ ಗಟ್ಟಿ ಕೊಂಡಿಗಳಿಗೆ ಹಾಕಿದರು. ಹುಡುಗ ಕೇಳಿದ, ‘ಅಣ್ಣಾ, ಇನ್ನೊಂದ್ಸಲ ಎಳೀಲಾ?’ ‘ಸಾಕು ಕಣೋ, ಟೈರು ನೋಡು. ಜಾಸ್ತಿ ಎಳೆದ್ರೆ ಅಮುಕ್ಕೊಂಡು ಬಿಸಿ ಆಗುತ್ತೆ, ರೀಡಿಂಗೂ ಸುಳ್ಳಾಗುತ್ತೆ.’ ನಿಧಾನಕ್ಕೆ ಒಂದು ಸುತ್ತು ಓಡಿಸಿ ನಿಲ್ಲಿಸಿ, ಸಡಿಲವಾದ ಪಟ್ಟಿಯನ್ನು ಮತ್ತೆ ಬಿಗಿದರು. ಸೈಲೆನ್ಸರಿಗೆ ಹೊಗೆ ಹೊರಗೆ ಎಳೆಯುವ ಪೈಪು, ಮುಂದೆ ದೊಡ್ಡ ಫ್ಯಾನು, ಎಲ್ಲರ ಕಿವಿಗೂ ರಕ್ಷಣೆ. ಕೊನೆಗೆ ನನ್ನ ಕಡೆ ತಿರುಗಿ, ‘ಸಾರ್, ಕಾರಿನ ನೇರಕ್ಕೆ ಮುಂದೂ ನಿಲ್ಲಬೇಡಿ, ಹಿಂದೂ ನಿಲ್ಲಬೇಡಿ, ಪಕ್ಕಕ್ಕೆ ಬನ್ನಿ’ ಎಂದರು. ಅಷ್ಟಾದ ಮೇಲೆ ಕೀಲಿ ತಿರುಗಿತು.

ಓಟ ಶುರುವಾದರೆ ನೋಡುವವರೆಲ್ಲರ ಕಣ್ಣು ಪರದೆಯ ಮೇಲೇರುವ ಪವರ್ ಗೆರೆಯ ಮೇಲೆ. ಟ್ಯೂನರನ ಕಣ್ಣು ಕೆಳಗಿನ ಗೆರೆಯ ಮೇಲೆ, ಗಾಳಿ ಮತ್ತು ಪೆಟ್ರೋಲಿನ ಪ್ರಮಾಣದ ಮೇಲೆ. ಶುದ್ಧ ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯಲು 14.7 ಪಾಲು ಗಾಳಿ ಬೇಕು. ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಅಷ್ಟು ಬೇಡ, ಹಾಗಾಗಿ ತಿಳಿದವರು ಪೂರ್ತಿ ಉರಿಯಲು ಬೇಕಾದ ಗಾಳಿಯನ್ನು 1 ಎಂದು ಹಿಡಿಯುವ ಲ್ಯಾಂಬ್ಡಾ ಲೆಕ್ಕದಲ್ಲೇ ಮಾತಾಡುತ್ತಾರೆ. ಪೂರ್ತಿ ಬೂಸ್ಟಿನಲ್ಲಿ ಟರ್ಬೊ ಎಂಜಿನ್ನನ್ನು 0.8ರ ಆಸುಪಾಸು ಇಟ್ಟು, ಹೆಚ್ಚುವರಿ ಪೆಟ್ರೋಲಿನಿಂದ ಒಳಗನ್ನು ತಂಪಾಗಿಡುತ್ತಾರೆ. ಕಣ್ಣಿನಷ್ಟೇ ಕಿವಿಯೂ ಮುಖ್ಯ. ಎಂಜಿನ್ ಬ್ಲಾಕಿಗೆ ಮೈಕು ಬಿಗಿದು, ಹೆಡ್‌ಫೋನಿನಲ್ಲಿ ನಾಕಿಂಗ್ ಕೇಳುತ್ತಾರೆ. ಕಿಡಿ ಹೊತ್ತಿಸಿದ ಜ್ವಾಲೆ ಮುಟ್ಟುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುವ ಟಕಟಕ ಸದ್ದು ಅದು. ಸುಬಾರುವಿನ 2.5 ಲೀಟರ್ ಟರ್ಬೊ ಎಂಜಿನ್ನುಗಳಲ್ಲಿ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆಯುವುದು ಎಲ್ಲರೂ ಬಲ್ಲ ಕಾಯಿಲೆ, ನಾಕಿಂಗ್ ಅದಕ್ಕೆ ದೊಡ್ಡ ಕಾರಣ. ಒಂದು ಟಕ್ ಕೇಳಿಸಿತೋ, ಆ ಟ್ಯೂನರ್ ಕಾಲು ಎತ್ತುತ್ತಾರೆ. ಗೆರೆ ಅರ್ಧಕ್ಕೆ ತುಂಡಾಗುತ್ತದೆ, ಮಾಲೀಕನ ಮುಖ ಸಣ್ಣದಾಗುತ್ತದೆ. ನನ್ನ ಮಟ್ಟಿಗೆ ಆ ದಿನದ ಅತ್ಯುತ್ತಮ ಕೆಲಸ ಆ ತುಂಡು ಗೆರೆಯೇ. ಕಾಲು ಎತ್ತಿದ ಮೇಲೆ ಬ್ರೇಕು ಒತ್ತಿ ಹಿಡಿಯುವಂತಿಲ್ಲ, ಹ್ಯಾಂಡ್‌ಬ್ರೇಕು ಮುಟ್ಟುವಂತೆಯೇ ಇಲ್ಲ. ಸ್ಟೀರಿಂಗ್ ನೇರ ಹಿಡಿದು ರೋಲರುಗಳು ತಾವಾಗಿ ನಿಧಾನವಾಗಲು ಬಿಡಬೇಕು.

ಅಂಕಿಯ ಮೋಹದ ಬಗ್ಗೆ ಜಪಾನಿನದೊಂದು ಕಥೆ ಇದೆ. 1989ರಿಂದ 2004ರವರೆಗೆ ಅಲ್ಲಿನ ಕಂಪನಿಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡು, ತಮ್ಮ ದೇಶದಲ್ಲಿ ಮಾರುವ ಯಾವ ಕಾರಿಗೂ 280 ಪಿಎಸ್‌ಗಿಂತ ಹೆಚ್ಚು ಎಂದು ಬರೆಯಲಿಲ್ಲ. ನಾಲ್ಕೂ ಚಕ್ರ ಎಳೆಯುವ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕೂಡ ಕಾಗದದ ಮೇಲೆ 280. ಡೈನೋ ಹತ್ತಿಸಿದವರಿಗೆ ಕಾಗದ ಎಷ್ಟು ಸಂಕೋಚದ್ದೆಂದು ತಿಳಿಯುತ್ತಿತ್ತು. ಇನ್ನೊಂದು ತುದಿಯಲ್ಲಿ ರ‍್ಯಾಲಿ ಕಾರುಗಳಿವೆ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಬಂದಾಗ ಭಾರತದ ಚಾಲಕ ಗೌರವ್ ಗಿಲ್ ಓಡಿಸಿದ ಸ್ಕೋಡಾ ಫ್ಯಾಬಿಯಾ ಆರ್5 ನಾಲ್ಕೂ ಚಕ್ರ ಎಳೆಯುವ ಕಾರು. 1.6 ಲೀಟರ್ ಎಂಜಿನ್ನು, ಟರ್ಬೊ ಬಾಯಿಗೆ ಒಳಹೋಗುವ ಗಾಳಿಗೆ ಮಿತಿ ಹಾಕುವ 32 ಮಿಲಿಮೀಟರಿನ ಕಡ್ಡಾಯದ ರಿಸ್ಟ್ರಿಕ್ಟರ್. ತುದಿಯ ಪವರಿಗೆ ನಿಯಮವೇ ಬೀಗ ಹಾಕಿದ ಮೇಲೆ ಎಂಜಿನಿಯರ್ ಕೆತ್ತುವುದು ಟಾರ್ಕ್ ಗೆರೆಯ ನಡುಭಾಗವನ್ನು. ಮಣ್ಣಿನ ತಿರುವಿನಿಂದ ಕಾರು ಹೊರಬೀಳುವಾಗ ಸಹಾಯಕ್ಕೆ ಬರುವುದೂ ಅದೇ.

ನಮ್ಮ ಊರಿಗೇ ಸೇರಿದ ಸಂಗತಿ ಇನ್ನೊಂದು. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರ. ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ. 10 ಕಡಿಮೆ. ಡೈನೋದ ತಂತ್ರಾಂಶ ಇದನ್ನು ಸರಿದೂಗಿಸಿ ಅಂಕಿ ಹೆಚ್ಚಿಸಿ ತೋರಿಸುತ್ತದೆ. ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆಯ ಲೆಕ್ಕದಲ್ಲಿ 25 ಡಿಗ್ರಿ, 99 ಕಿಲೋಪಾಸ್ಕಲ್ ಒಣ ಗಾಳಿ ಆಧಾರ. ಟರ್ಬೊ ಇಲ್ಲದ ಎಂಜಿನ್ನಿಗೆ ಇದು ನ್ಯಾಯ. ಗಾಳಿ ಕಡಿಮೆಯಾದದ್ದನ್ನು ತಾನೇ ತುಂಬಿಕೊಳ್ಳುವ ಟರ್ಬೊ ಎಂಜಿನ್ನಿಗೆ ಅದೇ ತಿದ್ದುಪಡಿ ಹಾಕಿದರೆ ಇಲ್ಲದ ಪವರ್ ಕಾಗದಕ್ಕೆ ಬರುತ್ತದೆ. ಚಕ್ರದಲ್ಲಿ ಅಳೆದ ಅಂಕಿಗೆ ‘ನಾಲ್ಕು ಚಕ್ರದ ನಷ್ಟ’ ಎಂದು ಕಣ್ಣಳತೆಯ ಶೇಕಡಾ ಸೇರಿಸುವುದಂತೂ ನನಗೆ ಒಪ್ಪಿಗೆಯಿಲ್ಲ. ಅದೇ ಡೈನೋ, ಅದೇ ಗೇರು, ಅದೇ ಟೈರು, ಟ್ಯೂನಿಂಗಿಗೆ ಮೊದಲು ಎಷ್ಟು, ಆಮೇಲೆ ಎಷ್ಟು? ನಂಬುವುದಾದರೆ ಆ ವ್ಯತ್ಯಾಸವನ್ನು ನಂಬಬೇಕು.

ಇದಕ್ಕಿಂತ ದೊಡ್ಡ ವಿಷಯ ಶಿರಾಡಿ ಘಾಟಿ ಇಳಿದು ಕರಾವಳಿ ಸೇರಿದ ಮೇಲಿನದು. ಟರ್ಬೊ ಇಲ್ಲದ ಎಂಜಿನ್ನು ಬೆಂಗಳೂರಿನಲ್ಲಿ ಪೂರ್ತಿ ಆಕ್ಸಿಲರೇಟರ್ ತುಳಿದರೂ ಎಳೆದುಕೊಳ್ಳುವ ಗಾಳಿಯ ಒತ್ತಡ 90 ಕಿಲೋಪಾಸ್ಕಲ್ ಆಸುಪಾಸು. ಮ್ಯಾಪಿನಲ್ಲಿ ಅದರಾಚೆಗಿನ ಸಾಲುಗಳಿಗೆ ಇಲ್ಲಿನ ಡೈನೋದಲ್ಲಿ ಕಾರು ಹೋಗಿಯೇ ಇರುವುದಿಲ್ಲ. ಮಂಗಳೂರಿನಲ್ಲಿ ಹೋಗುತ್ತದೆ, ಅದೂ ಸೆಕೆಯಲ್ಲಿ. ಬೂಸ್ಟಿಗೆ ಮಿತಿ ಹಾಕಲು ಸ್ಪ್ರಿಂಗ್ ಒಂದನ್ನೇ ನಂಬಿದ ವೇಸ್ಟ್‌ಗೇಟ್ ಇರುವ ಟರ್ಬೊ ಕಾರಿನಲ್ಲೂ ಹೊರಗಿನ ಒತ್ತಡ ಏರಿದಷ್ಟೂ ಒಳಗಿನದು ಏರುತ್ತದೆ. ಆದ್ದರಿಂದ ಕಾರು ಬಿಡುವ ಮುಂಚೆಯೇ ಟ್ಯೂನರಿಗೆ ಹೇಳಿ: ಇದು ಕರಾವಳಿಗೆ ಹೋಗಿಬರುವ ಕಾರು, ದಾರಿಯಲ್ಲಿ ಎಲ್ಲ ಬಂಕಿನಲ್ಲೂ ಹೆಚ್ಚು ಆಕ್ಟೇನಿನ ಪೆಟ್ರೋಲು ಸಿಗುವುದಿಲ್ಲ, ಆ ಮೇಲಿನ ಸಾಲುಗಳಲ್ಲಿ ಕಿಡಿಯನ್ನು ಎರಡು ಡಿಗ್ರಿ ಹಿಂದಿಟ್ಟೇ ಕೊಡಿ.