ಭಾರ, ಬಾಗು, ದನಿ

ಶಬ್ದವು ವ್ಯಾಕರಣಶಾಸ್ತ್ರದ ಮೂಲವಸ್ತು. ಕೇಶಿರಾಜನು 13ನೆಯ ಶತಮಾನದಲ್ಲಿ ರಚಿಸಿದ ‘ಶಬ್ದಮಣಿದರ್ಪಣ’ದಲ್ಲಿ, ಜೀವನ ಇಚ್ಛೆಯೂ ಅನುಕೂಲ ವಾಯುವೂ ಕೂಡಿದಾಗ ನಾಭಿಮೂಲದಲ್ಲಿ ಕಹಳೆಯ ತೆರದಿಂದ ಶಬ್ದವು ಜನಿಸುವುದೆಂದು ನಿರೂಪಿಸಿದ್ದಾನೆ. ವಿದ್ವತ್ ಪರೀಕ್ಷೆಗೆ ಓದುತ್ತಿದ್ದ ದಿನಗಳಿಂದಲೂ ನನಗೆ ಶಬ್ದವೆಂದರೆ ಜೀವವುಳ್ಳವರ ಶಬ್ದ. ಕಂಬ, ತೊಲೆ, ಹಲಗೆ, ತಗಡುಗಳಿಗೂ ದನಿಯುಂಟು, ಆ ದನಿಗೂ ಅವು ಹೊತ್ತ ಭಾರಕ್ಕೂ ಸಂಬಂಧವುಂಟು ಎಂಬ ವಿಚಾರದತ್ತ ನನ್ನ ಮನಸ್ಸನ್ನು ತಿರುಗಿಸಿದವರು ನಮ್ಮ ಶಾಲೆಯ ವಿಜ್ಞಾನ ಅಧ್ಯಾಪಕರು.

ವಿಜ್ಞಾನ ವಸ್ತುಪ್ರದರ್ಶನದ ಸಂದರ್ಭದಲ್ಲಿ ಅವರು ಕನ್ನಡದಲ್ಲಿ ಒಂದು ಉಪನ್ಯಾಸ ಮಾಡಬೇಕಾಗಿತ್ತು. ಪದರ ಪದರವಾಗಿ ಜೋಡಿಸಿದ ಫಲಕಗಳೂ ತೊಲೆಗಳೂ ಭಾರಕ್ಕೆ ಸಿಕ್ಕಾಗ ಹೇಗೆ ಬಾಗುತ್ತವೆ, ಹೇಗೆ ಕಂಪಿಸುತ್ತವೆ, ಹೇಗೆ ದನಿಗೊಡುತ್ತವೆ ಎಂಬುದು ವಿಷಯ. “ಪಂಡಿತರೇ, ವಿಷಯ ನನ್ನದು, ಮಾತು ನಿಮ್ಮದು. ಬಕ್ಲಿಂಗ್ ಅನ್ನುವುದಕ್ಕೆ ಒಂದು ಪದ ಕೊಡಿ” ಎಂದರು. ತಾವೇ ಬರೆದುಕೊಂಡಿದ್ದ ‘ವಕ್ರೀಭವನ’ವೆಂಬ ಪದವನ್ನೂ ತೋರಿಸಿದರು. ಆ ಪದವನ್ನು ಬೆಳಕಿನ ಪಾಠವು ಮೊದಲೇ ವಶಪಡಿಸಿಕೊಂಡಿದೆ. ಒಂದೇ ಪದಕ್ಕೆ ಎರಡು ಶಾಸ್ತ್ರಾರ್ಥಗಳಾದರೆ ಮಕ್ಕಳು ಎರಡನ್ನೂ ಕಳೆದುಕೊಳ್ಳುತ್ತಾರೆ ಎಂದು ನಾನು ಒಪ್ಪಲಿಲ್ಲ. ಪದ ಕೊಡುವ ಮೊದಲು ಪದಾರ್ಥವನ್ನು ತಿಳಿಯಬೇಕಷ್ಟೆ. ಹೀಗೆ ಕೆಲವು ಸಂಜೆಗಳು ನಾನು ಅವರ ಶಿಷ್ಯನಾದೆ.

ಹಲಗೆಯ ನಡುವೆ ಭಾರವಿಟ್ಟರೆ ಅದು ಮೊದಲಿನಿಂದಲೇ ಮೆಲ್ಲಮೆಲ್ಲನೆ ಬಾಗುತ್ತದೆ. ಇದು ಬರಿಯ ಬಾಗು. ಆದರೆ ಅಡಿಪಟ್ಟಿಯೊಂದನ್ನು ಎರಡು ಅಂಗೈಗಳ ನಡುವೆ ನೆಟ್ಟಗೆ ನಿಲ್ಲಿಸಿ ಒತ್ತಿ ನೋಡಿರಿ. ಬಹಳ ಹೊತ್ತು ಅದು ನೇರವಾಗಿಯೇ ಇರುತ್ತದೆ; ಒಂದು ಮಿತಿಯನ್ನು ಮುಟ್ಟಿದೊಡನೆ ಥಟ್ಟನೆ ಪಕ್ಕಕ್ಕೆ ಹೊರಳುತ್ತದೆ. ಪಟ್ಟಿ ಮುರಿದಿಲ್ಲ, ಜಜ್ಜಿಹೋಗಿಲ್ಲ. ನೇರವಾಗಿ ನಿಲ್ಲುವ ಶಕ್ತಿಯನ್ನಷ್ಟೇ ಕಳೆದುಕೊಂಡಿದೆ. ಈ ಮಿತಿಯ ಗಣಿತವನ್ನು ಆಯ್ಲರ್ ಎಂಬ ಗಣಿತಜ್ಞನು 1744ರಲ್ಲಿಯೇ ಪ್ರಕಟಿಸಿದನು. ಕಂಬದ ಉದ್ದ ಇಮ್ಮಡಿಯಾದರೆ ಅದು ತಾಳುವ ಮಿತಿಭಾರ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ‘ಬಳುಕು’ ಎನ್ನೋಣವೆಂದರೆ ಅದು ಕವಿಗಳ ಲತೆಗೆ ಸೇರಿದ ಮಾತು. ‘ಕುಸಿತ’ವೆನ್ನೋಣವೆಂದರೆ ಅದು ಅನಂತರದ ಅನಾಹುತ. ಕೊನೆಗೆ ‘ಒತ್ತುಬಾಗು’ ಎಂಬ ಪದವನ್ನು ಕಟ್ಟಿಕೊಟ್ಟೆ. ಒತ್ತಿದ್ದರಿಂದ ಆದ ಬಾಗು, ಎರಡೂ ಅಚ್ಚಗನ್ನಡ.

ಪದವಿಚಾರವೆಂದರೆ ಪಂಡಿತರ ಕಾಲಹರಣವೆಂದು ಭಾವಿಸುವವರು ಕೆನಡಾ ದೇಶದ ಕ್ವಿಬೆಕ್ ಸೇತುವೆಯ ಕಥೆಯನ್ನು ಕೇಳಬೇಕು. ಸೇಂಟ್ ಲಾರೆನ್ಸ್ ನದಿಯ ಮೇಲೆ ಕಟ್ಟುತ್ತಿದ್ದ ಆ ಉಕ್ಕಿನ ಸೇತುವೆಯ ಕೆಳಭಾಗದ ಒತ್ತಡದ ಅಂಗಗಳಲ್ಲಿ ಬಾಗು ಕಾಣಿಸಿಕೊಂಡಿತ್ತು. ಅದು ಜೋಡಿಸುವ ಮೊದಲೇ ಇದ್ದ ಬಾಗೋ, ಭಾರ ಬಿದ್ದ ಮೇಲೆ ಬಂದ ಬಾಗೋ ಎಂದು ಬಲ್ಲವರು ಚರ್ಚಿಸುತ್ತಿದ್ದರು. ಚರ್ಚೆ ಮುಗಿಯುವ ಮುನ್ನವೇ, 1907ರ ಆಗಸ್ಟ್ 29ರಂದು, ಆ ಅಂಗಗಳು ಒತ್ತುಬಾಗಿಗೆ ಸಿಕ್ಕಿ ಸೇತುವೆ ನದಿಗೆ ಬಿತ್ತು. 75 ಮಂದಿ ಕೆಲಸಗಾರರು ಮಡಿದರು. ಬಾಗಿನಲ್ಲಿಯೂ ಬಗೆಗಳುಂಟು ಎಂಬ ಅರಿವಿಗೆ ಇಷ್ಟು ಬೆಲೆಯುಂಟು.

ಎರಡನೆಯ ತೊಡಕು ‘ಕಾಂಪೋಸಿಟ್’ ಎಂಬುದು. ‘ಸಂಯುಕ್ತ’ವನ್ನು ರಸಾಯನಶಾಸ್ತ್ರ ತೆಗೆದುಕೊಂಡಾಗಿದೆ. ಇಲ್ಲಿ ನನಗೆ ವ್ಯಾಕರಣವೇ ನೆರವಾಯಿತು. ಸಂಧಿಯಲ್ಲಿ ಅಕ್ಷರಗಳು ಲೋಪ, ಆಗಮ, ಆದೇಶಗಳಿಗೆ ಒಳಗಾಗಿ ರೂಪ ಬದಲಿಸುತ್ತವೆ. ಜಲಜನಕ, ಆಮ್ಲಜನಕಗಳು ಕೂಡಿ ನೀರಾದಂತೆ. ಸಮಾಸದಲ್ಲಿಯಾದರೋ ‘ತಲೆನೋವು’ ಎಂದಾಗ ತಲೆಯೂ ಉಳಿಯಿತು, ನೋವೂ ಉಳಿಯಿತು. ಎರಡೂ ಕೂಡಿ ಒಂದೇ ಅರ್ಥವನ್ನು ಹೊತ್ತವು. ಪ್ಲೈವುಡ್ಡಿನ ಹಲಗೆ ಇಂಥ ಸಮಾಸ. ಒಂದು ಪದರದ ಎಳೆ ಉದ್ದಕ್ಕೆ, ಮುಂದಿನದರ ಎಳೆ ಅಡ್ಡಕ್ಕೆ; ನಡುವೆ ಅಂಟು. ಬೆಂಗಳೂರಿನಲ್ಲಿ 2001ರ ಜನವರಿ 4ರಂದು ಮೊದಲು ಹಾರಿದ ನಮ್ಮ ತೇಜಸ್ ವಿಮಾನದ ರೆಕ್ಕೆಗಳಲ್ಲಿ ಇಂಗಾಲದ ಎಳೆಗಳ ಪದರಗಳಿಗೆ ರಾಳದ ಅಂಟಿದೆ. ಎಳೆಗಳನ್ನು ಯಾವ ಕೋನದಲ್ಲಿ ಹಾಸಬೇಕೆಂಬುದರ ಮೇಲೆ ಫಲಕದ ಬಿಗುವು, ಅದರ ಒತ್ತುಬಾಗಿನ ಮಿತಿ, ಅದರ ಸ್ವರ ಎಲ್ಲವೂ ನಿಂತಿವೆ.

ಸಮಾಸವಿದ್ದಲ್ಲಿ ಅರಿಸಮಾಸದ ಭಯವೂ ಉಂಟು. ಕನ್ನಡ ಸಂಸ್ಕೃತ ಪದಗಳನ್ನು ಮನಬಂದಂತೆ ಬೆಸೆಯಬಾರದೆಂದು ನಮ್ಮ ಲಾಕ್ಷಣಿಕರು ನಿಯಮ ಮಾಡಿದರು. ಫಲಕದ ಪದರಗಳಲ್ಲಿಯೂ ಒಂದು ಬಿಸಿಗೆ ಹೆಚ್ಚು ಹಿಗ್ಗಿ ಇನ್ನೊಂದು ಕಡಿಮೆ ಹಿಗ್ಗಿದರೆ ನಡುವಿನ ಅಂಟು ಎಳೆದಾಟಕ್ಕೆ ಸಿಕ್ಕಿ, ಪದರ ಬಿಡಬಹುದು. ಬಿಟ್ಟ ಪದರ ತೆಳ್ಳಗಿರುವುದರಿಂದ ಅಲ್ಪಭಾರಕ್ಕೇ ಒತ್ತುಬಾಗಿ ಉಬ್ಬಿಕೊಳ್ಳುತ್ತದೆ. ಬಿರುಕು ಇನ್ನಷ್ಟು ಹರಡುತ್ತದೆ. ಜೊತೆಗೂಡಿದ್ದಾಗ ಹೊತ್ತ ಭಾರವನ್ನು ಒಂಟಿಯಾದ ಪದರ ಹೊರಲಾರದು.

ಇನ್ನು ಕಂಪನ. ಜರ್ಮನಿಯ ಕ್ಲಾಡ್ನಿ ಎಂಬ ಪಂಡಿತನು ಫಲಕದ ಮೇಲೆ ಮರಳು ಚೆಲ್ಲಿ, ಅಂಚಿಗೆ ಪಿಟೀಲಿನ ಕಮಾನು ಎಳೆದು, ಮರಳು ಅಲುಗಾಟವಿಲ್ಲದ ರೇಖೆಗಳಲ್ಲಿ ಕೂಡಿ ರಂಗವಲ್ಲಿಯಾಗುವುದನ್ನು ತನ್ನ 1787ರ ಗ್ರಂಥದಲ್ಲಿ ವಿವರಿಸಿದನು. ಆ ರಂಗವಲ್ಲಿಯ ಗಣಿತಕ್ಕಾಗಿ 1816ರಲ್ಲಿ ಫ್ರಾನ್ಸಿನ ವಿದ್ವತ್ಪರಿಷತ್ತಿನ ಬಹುಮಾನ ಪಡೆದವಳು ಸೋಫಿ ಜರ್ಮೈನ್. ಹೆಣ್ಣೆಂಬ ಕಾರಣಕ್ಕೆ ವಿದ್ಯಾಲಯದ ಬಾಗಿಲು ಮುಚ್ಚಿದ್ದಾಗ ಗಂಡಸಿನ ಹೆಸರಿನಲ್ಲಿ ಪಾಠದ ಟಿಪ್ಪಣಿಗಳನ್ನು ತರಿಸಿಕೊಂಡು ಕಲಿತವಳು. ನಮ್ಮವರೇ ಆದ ಸಿ. ವಿ. ರಾಮನ್ನರು 1920ರಲ್ಲಿಯೂ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿಯೂ ಮೃದಂಗದ ಚರ್ಮವನ್ನು ಕುರಿತು ಬರೆದರು. ಬರಿಯ ಚರ್ಮದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ನಡುವೆ ಮೆತ್ತಿದ ಕಪ್ಪು ಕರಣೆಯ ಭಾರವೇ ಅವುಗಳನ್ನು ಶ್ರುತಿಗೆ ತರುತ್ತದೆ ಎಂದು ತೋರಿಸಿದರು.

ತಂತಿಯನ್ನು ಎಳೆದು ಬಿಗಿದರೆ ಸ್ವರ ಏರುವುದು ಎಲ್ಲರಿಗೂ ಗೊತ್ತು. ತೊಲೆಯನ್ನು ತುದಿಗಳಿಂದ ಒತ್ತಿದರೆ ಸ್ವರ ಇಳಿಯುತ್ತದೆ. ಎರಡು ತುದಿಗಳಲ್ಲಿ ಸರಳವಾಗಿ ಆತುಕೊಂಡ ನೇರ ತೊಲೆಯ ಮೇಲೆ ಮಿತಿಭಾರದ ಮುಕ್ಕಾಲು ಪಾಲು ಬಿದ್ದಾಗ ಅದರ ಮೂಲಕಂಪನ ಅರ್ಧಕ್ಕೆ ಇಳಿಯುತ್ತದೆ; ಸಂಗೀತದ ಮಾತಿನಲ್ಲಿ ಒಂದು ಸ್ಥಾಯಿ ಕೆಳಗೆ. ಮಿತಿಯನ್ನು ಮುಟ್ಟಿದಾಗ, ಗಣಿತದ ಪ್ರಕಾರ, ಸೊನ್ನೆ. ಆದ್ದರಿಂದಲೇ ವಸ್ತುವನ್ನು ಕೆಡಿಸದೆ, ಅದರ ಕಂಪನ ಇಳಿಯುವ ಬಗೆಯನ್ನು ಅಳೆದು, ಒತ್ತುಬಾಗಿನ ಮಿತಿಯನ್ನು ಮುಂದಾಗಿ ಅಂದಾಜು ಮಾಡುವ ವಿಧಾನವನ್ನು ತಜ್ಞರು ರೂಢಿಸಿದ್ದಾರೆ.

ಕಂಪಿಸಿದ್ದೆಲ್ಲ ಕೇಳಿಸಬೇಕೆಂಬ ನಿಯಮವಿಲ್ಲ. ಫಲಕದಲ್ಲಿ ಒಂದೆಡೆ ಉಬ್ಬಿದಾಗ ಪಕ್ಕದಲ್ಲಿ ತಗ್ಗುತ್ತದೆ. ಅಲೆಯ ವೇಗ ಗಾಳಿಯಲ್ಲಿ ಶಬ್ದದ ವೇಗಕ್ಕಿಂತ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರಿಗಿಂತ, ಕಡಿಮೆಯಾದರೆ ಉಬ್ಬಿನ ಗಾಳಿ ಪಕ್ಕದ ತಗ್ಗಿಗೆ ಜಾರಿಕೊಳ್ಳುತ್ತದೆ. ದನಿ ದೂರ ಹೋಗದು. ವೇಗ ಅದನ್ನು ಮೀರಿದಾಗ ದನಿ ಚೆನ್ನಾಗಿ ಹೊಮ್ಮುತ್ತದೆ. ಹಗುರವೂ ಬಿಗುವೂ ಆದ ಪದರಫಲಕಗಳು ಈ ಮಿತಿಯನ್ನು ಬೇಗ ಮುಟ್ಟುವುದರಿಂದ ಅಂಥ ಗೋಡೆಗಳುಳ್ಳ ವಾಹನಗಳಲ್ಲಿ ಗದ್ದಲ ತಡೆಯುವುದು ಪ್ರತ್ಯೇಕ ಸಮಸ್ಯೆಯಾಗಿದೆ.

ಉಪನ್ಯಾಸದ ದಿನ ಅಧ್ಯಾಪಕರು ಪ್ರಶ್ನಿಸಿದರು: “ಪದರ ಒಳಗೇ ಬಿಟ್ಟಿದ್ದರೆ ಹೊರಗಿನಿಂದ ತಿಳಿಯುವುದು ಹೇಗೆ?” ಸಭೆ ಸುಮ್ಮನಿತ್ತು. ಹಿಂದಿನ ಸಾಲಿನಲ್ಲಿ ಒಬ್ಬ ಬಡಗಿಯ ಮಗಳು ಎದ್ದಳು. ಇಂಗ್ಲಿಷ್ ಮಾಧ್ಯಮದ ತರಗತಿಯಲ್ಲಿ ವರ್ಷವಿಡೀ ಬಾಯಿ ತೆರೆಯದವಳು. ಜಾಣತನ ಸಾಲದೆಂದು ಹೇಳಿಸಿಕೊಂಡವಳು. “ಬಡದು ನೋಡಬೇಕ್ರಿ ಸರ. ನಮ್ಮಪ್ಪ ಹಳೇ ತೊಲಿ ತಗೊಳ್ಳುವಾಗ ಬಡದು ಕೇಳ್ತಾನ್ರಿ. ಗಟ್ಟಿ ಇದ್ರ ಖಣ್ ಅಂತೈತ್ರಿ, ಒಳಗ ಗೆದ್ದಲ ತಿಂದಿದ್ರ ಬದ್ ಅಂತೈತ್ರಿ” ಎಂದಳು. ಅಧ್ಯಾಪಕರು ಒಂದು ಕ್ಷಣ ಮಾತನಾಡಲಿಲ್ಲ. ಬಳಿಕ ವಿಮಾನದ ಫಲಕಗಳನ್ನು ಪರೀಕ್ಷಿಸುವವರೂ ನಾಣ್ಯದಿಂದಲೋ ಚಿಕ್ಕ ಸುತ್ತಿಗೆಯಿಂದಲೋ ತಟ್ಟಿ, ದನಿ ಮಂದವಾದ ಕಡೆ ಪದರ ಬಿಟ್ಟಿದೆಯೆಂದು ಗುರುತಿಸುವ ಕ್ರಮವುಂಟೆಂದು ಸಭೆಗೆ ತಿಳಿಸಿದರು.

ಆ ಬಾಲಿಕೆಗೆ ವಿಜ್ಞಾನ ತಿಳಿಯದೆ ಇರಲಿಲ್ಲ. ಪ್ರಶ್ನೆ ಅವಳ ಕಿವಿಗೆ ತಲುಪಿರಲಿಲ್ಲ. ಅಂಥ ಮಕ್ಕಳು ನಮ್ಮ ಶಾಲೆಗಳಲ್ಲಿ ಎಷ್ಟೋ ಮಂದಿ. ಅವರು ಇಂಗ್ಲಿಷನ್ನು ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಆದರೆ ಕಲಿಯುವವರೆಗೆ ಅವರ ಬುದ್ಧಿಯನ್ನು ಕಾಯಿಸಬಾರದು. ವಿಜ್ಞಾನ ಬಲ್ಲವರು ಪದಾರ್ಥವನ್ನು ಕೊಡಲಿ, ಕನ್ನಡ ಬಲ್ಲವರು ಪದವನ್ನು ಕೊಡಲಿ. ಇಬ್ಬರೂ ಒಂದೇ ಮಣೆಯ ಮೇಲೆ ಕುಳಿತು ಕೆಲಸ ಮಾಡಲಿ. ಮಿತಿ ಮೀರಿ ಒತ್ತಿದರೆ ಎಳೆಯ ಮನಸ್ಸುಗಳೂ ಒತ್ತುಬಾಗುತ್ತವೆ. ಅದಕ್ಕೆ ಮುಂಚೆ ಅವುಗಳ ದನಿ ಇಳಿಯುತ್ತದೆ. ಅದನ್ನು ಕೇಳಿಸಿಕೊಳ್ಳುವ ಕಿವಿ ಅಧ್ಯಾಪಕರಾದ ನಮಗೆಲ್ಲರಿಗೂ ಇರಲಿ.